ಅಭಯದಿಂದ ಆಶ್ರಯಕ್ಕೆ: ಕಾಸರಗೋಡಿನ ಭಾಷಾರಕ್ಷಣೆಯ ಸ್ಥಳೀಯ ನೆಲೆ

‘ಅಭಯ’, ‘ಆಶ್ರಯ’ ಎಂಬ ಎರಡು ಪದಗಳನ್ನು ಕನ್ನಡದಲ್ಲಿ ಜೊತೆಜೊತೆಯಾಗಿ ಬಳಸುವ ರೂಢಿಯಿದ್ದರೂ ಅವುಗಳ ಅರ್ಥ ಒಂದೇ ಅಲ್ಲ. ಅಭಯವನ್ನು ಮಾತಿನಲ್ಲಿ ಕೊಡಬಹುದು. ಆಶ್ರಯಕ್ಕೆ ಸ್ಥಳ, ವೆಚ್ಚ, ಹೊಣೆ ಹೊರುವ ವ್ಯಕ್ತಿ ಬೇಕು. ಕಾಸರಗೋಡಿನ ಕನ್ನಡಿಗರಿಗೆ ದೊರೆತ ಅಭಯಗಳ ಪಟ್ಟಿ ದೀರ್ಘವಾಗಿದೆ. ಅವು ಆಶ್ರಯವಾಗಬೇಕಾದ ಪಂಚಾಯತು, ನಗರಸಭೆಗಳ ಹಂತದ ವಿಮರ್ಶೆ ಮಾತ್ರ ವಿರಳವಾಗಿದೆ.

ಪಾಶ್ಚಾತ್ಯ ದೇಶಗಳ ‘ಆಶ್ರಯ ನಗರ’ ಪರಿಕಲ್ಪನೆ ಇಲ್ಲಿ ಒಂದು ಅಳತೆಗೋಲಾಗಬಲ್ಲದು. ಮಧ್ಯ ಅಮೆರಿಕದ ಅಂತರ್ಯುದ್ಧಗಳಿಂದ ಪಾರಾಗಿ ಬಂದವರ ಪರವಾಗಿ ಸಾನ್ ಫ್ರಾನ್ಸಿಸ್ಕೊ ನಗರವು 1985ರಲ್ಲಿ ಒಂದು ನಿರ್ಣಯವನ್ನು ಅಂಗೀಕರಿಸಿತು. 1989ರಲ್ಲಿ ಆ ಆಶಯ ನಗರದ ಶಾಸನವಾಯಿತು: ಒಕ್ಕೂಟ ಸರಕಾರದ ವಲಸೆ ಕಾನೂನಿನ ಜಾರಿಗೆ ನಗರದ ಹಣವನ್ನಾಗಲಿ ನೌಕರರನ್ನಾಗಲಿ ಬಳಸಬಾರದೆಂದು, ಕೆಲವು ಅಪವಾದಗಳೊಂದಿಗೆ, ಅದು ವಿಧಿಸಿತು. 2001ರಲ್ಲಿ ರೂಪುಗೊಂಡು 2009ರಲ್ಲಿ ತಿದ್ದುಪಡಿಯಾದ ಭಾಷಾ ನಿಯಮವು ದ್ವಿಭಾಷಿಕ ನೌಕರರು, ಅನುವಾದಿತ ಪತ್ರಗಳು, ವಾರ್ಷಿಕ ವರದಿ ಇವುಗಳನ್ನು ನಗರದ ಇಲಾಖೆಗಳ ಹೊಣೆಯಾಗಿಸಿತು. ನಗರದ ಸದ್ಭಾವನೆಯು ನೌಕರನ ಕರ್ತವ್ಯವಾಗಿ ಮಾರ್ಪಟ್ಟ ಈ ಕ್ರಮವೇ ಗಮನಾರ್ಹವಾದುದು.

ಹೋಲಿಕೆಗೆ ಮಿತಿಯೂ ಇದೆ. ಕಾಸರಗೋಡಿನ ಕನ್ನಡಿಗರು ಆಶ್ರಯ ಕೋರಿ ಬಂದವರಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ, ಇದ್ದಲ್ಲಿಂದ ಕದಲದೆಯೇ ಅವರು ಅಲ್ಪಸಂಖ್ಯಾತರಾದರು. ಚಂದ್ರಗಿರಿ ಹೊಳೆಯ ಉತ್ತರ ಭಾಗವು ಕರ್ನಾಟಕಕ್ಕೆ ಸೇರಬೇಕೆಂಬ 1967ರ ಮಹಾಜನ ಆಯೋಗದ ಶಿಫಾರಸು ಜಾರಿಗೆ ಬರಲಿಲ್ಲ. ಅವರ ಬೇಡಿಕೆ ಅತಿಥಿಗಳದಲ್ಲ, ಮನೆಯವರದು. ಆದರೂ ಕೊಟ್ಟ ಮಾತು ಕಚೇರಿಯ ಮೇಜಿನವರೆಗೆ ತಲಪುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆಗೆ ಸಮಾನವಾದುದು.

ಆ ಮಾತುಗಳನ್ನು ಸೂಕ್ಷ್ಮವಾಗಿ ಓದಬೇಕು. ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸೌಲಭ್ಯ ಒದಗಿಸಲು ಯತ್ನಿಸುವ ಹೊಣೆಯನ್ನು ರಾಜ್ಯದೊಂದಿಗೆ ‘ಸ್ಥಳೀಯ ಪ್ರಾಧಿಕಾರ’ಕ್ಕೂ ವಹಿಸುತ್ತದೆ. ಚರ್ಚೆಗಳಲ್ಲಿ ಬಹುಮಟ್ಟಿಗೆ ಮರೆತುಹೋಗುವ ಪದವಿದು. 1969ರ ಕೇರಳ ಅಧಿಕೃತ ಭಾಷಾ ಶಾಸನದ ವಿಶೇಷ ಅವಕಾಶದಂತೆ ತಮಿಳು, ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನೊಂದಿಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು. ಉತ್ತರವೂ ಅದೇ ಭಾಷೆಯಲ್ಲಿರಬೇಕು. ಇಲ್ಲಿ ಎಣಿಕೆಗೆ ಬಂದಿರುವುದು ‘ಸರಕಾರದ ಸ್ಥಳೀಯ ಕಚೇರಿ’. 1994ರ ಪಂಚಾಯತ್ ರಾಜ್ ಮತ್ತು ನಗರಸಭಾ ಕಾಯ್ದೆಗಳ ಬಳಿಕ ಕಟ್ಟಡ ಪರವಾನಿಗೆ, ಕ್ಷೇಮ ಪಿಂಚಣಿ, ಸರಕಾರಿ ಪ್ರಾಥಮಿಕ ಶಾಲೆಗಳ ಪಾಲನೆ ಮೊದಲಾದವು ಚುನಾಯಿತ ಸಂಸ್ಥೆಗಳ ಕೈಗೆ ಬಂದವು. ಜನರ ವ್ಯವಹಾರ ಅಲ್ಲಿಗೆ ಸರಿದರೂ ರಕ್ಷಣೆಯ ಭಾಷೆ ಹಳೆಯ ಆಡಳಿತದ ಚೌಕಟ್ಟಿನಲ್ಲೇ ಉಳಿಯಿತು.

ಪರಿಣಾಮವು ತರಗತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗ ಮಕ್ಕಳೂ ರಕ್ಷಕರೂ ಬೀದಿಗಿಳಿದ ಸಂದರ್ಭಗಳು ಒಂದೆರಡಲ್ಲ. ಅದೇ ರಾಜ್ಯದ ಎರ್ನಾಕುಳಂ ಜಿಲ್ಲಾಡಳಿತವು 2017ರಲ್ಲಿ ಆರಂಭಿಸಿದ ‘ರೋಶ್ನಿ’ ಯೋಜನೆಯು ವಲಸೆ ಕಾರ್ಮಿಕರ ಮಕ್ಕಳಿಗೆ ಅವರ ಮನೆಮಾತು ಬಲ್ಲ ಸ್ವಯಂಸೇವಕರ ಮೂಲಕ ಪಾಠ ಹೇಳಿಸಿತು. ಈ ಎರಡನ್ನು ಎದುರುಬದುರಾಗಿಟ್ಟು ಕೇರಳದ ಕಪಟವನ್ನು ಬಯಲಿಗೆಳೆಯುವುದು ಸುಲಭ. ಅದರಿಂದ ಕಲಿಯುವುದು ಹೆಚ್ಚು ಪ್ರಯೋಜನಕರ. ಸಂವಿಧಾನದ ಬಲವಿಲ್ಲದೆಯೂ ಸ್ಥಳೀಯ ಆಡಳಿತ ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದನ್ನು ಎರ್ನಾಕುಳಂ ತೋರಿಸಿದರೆ, ಸಂವಿಧಾನದ ಬಲವಿದ್ದೂ ಸ್ಥಳೀಯ ಹೊಣೆ ನಿಗದಿಯಾಗದಿದ್ದರೆ ಏನಾಗುತ್ತದೆಂಬುದನ್ನು ಕಾಸರಗೋಡು ತೋರಿಸುತ್ತದೆ.

ಅಧ್ಯಾಪಕರ ನೇಮಕವು ಲೋಕಸೇವಾ ಆಯೋಗ ಮತ್ತು ಶಿಕ್ಷಣ ಇಲಾಖೆಗಳ ವ್ಯಾಪ್ತಿಗೆ ಸೇರಿದ್ದರಿಂದ ಪಂಚಾಯತು ಅಸಹಾಯಕವೆಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ನಾಗರಿಕ ಸನ್ನದನ್ನು ಕನ್ನಡದಲ್ಲಿಯೂ ಪ್ರಕಟಿಸುವುದು, ಅರ್ಜಿ ನಮೂನೆಗಳ ಕನ್ನಡ ರೂಪವನ್ನು ಒದಗಿಸುವುದು, ಕನ್ನಡ ಅರ್ಜಿಗೆ ಉತ್ತರಿಸುವ ನೌಕರನನ್ನು ನಿಗದಿಪಡಿಸುವುದು, ಬಂದ ಕನ್ನಡ ಅರ್ಜಿಗಳೆಷ್ಟು, ಕನ್ನಡದಲ್ಲಿ ಹೋದ ಉತ್ತರಗಳೆಷ್ಟು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯ ಮುಂದಿಡುವುದು ಇವೆಲ್ಲ ಆಡಳಿತ ಸಮಿತಿಯ ನಿರ್ಣಯದಿಂದಲೇ ಆರಂಭವಾಗಬಲ್ಲವು. ಕನ್ನಡ ಹೋರಾಟದ ದೃಷ್ಟಿ ತಿರುವನಂತಪುರ ಮತ್ತು ಬೆಂಗಳೂರುಗಳ ಕಡೆಗೆ ನೆಟ್ಟಷ್ಟು ತನ್ನ ವಾರ್ಡಿನ ಗ್ರಾಮಸಭೆಯ ಕಡೆಗೆ ತಿರುಗಿಲ್ಲ.

ಕನ್ನಡಿಗರಿಗೆಲ್ಲ ಈಗ ಮಲಯಾಳ ಬರುತ್ತದೆ, ಇಂತಹ ವ್ಯವಸ್ಥೆ ಯಾರಿಗೆ ಬೇಕು ಎಂಬ ಆಕ್ಷೇಪವಿದೆ. ಉತ್ತರ ತಡವಾದೀತೆಂಬ ಅಳುಕಿನಿಂದ ಅರ್ಜಿದಾರ ಮಲಯಾಳದಲ್ಲಿ ಬರೆಸುತ್ತಾನೆ. ಕನ್ನಡ ಅರ್ಜಿಗಳು ಬಾರದಿರುವುದನ್ನೇ ಕಚೇರಿ ಬೇಡಿಕೆಯಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ತೋರಿಸುತ್ತದೆ. ಕ್ರಮಬದ್ಧವಾದ ಲೆಕ್ಕವಿಲ್ಲದೆ ಈ ವರ್ತುಲ ಮುರಿಯದು.

ಇಂತಹ ಲೆಕ್ಕವು ಕನ್ನಡಿಗರಿಗೂ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ತಮಿಳು, ಕನ್ನಡಗಳ ಹೊರತಾದ ಭಾಷೆಗಳವರಿಗೆ 1969ರ ಶಾಸನ ಕೊಡುವುದು ಇಂಗ್ಲಿಷನ್ನು. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಕೊರಗ ಭಾಷೆಗಳನ್ನಾಡುವವರು ಕನ್ನಡದ ಕೊಡೆಯಡಿಯಲ್ಲಿ ಎಷ್ಟು ಕಾಲ ಹೆಸರಿಲ್ಲದೆ ನಿಲ್ಲಬೇಕು? ಸರಕಾರ ‘ಅತಿಥಿ’ಗಳೆಂದು ಕರೆಯುವ, ಹಿಂದಿ ಬಂಗಾಳಿಗಳನ್ನಾಡುವ ಕಾರ್ಮಿಕರು ಅದೇ ಪಂಚಾಯತು ಕಚೇರಿಗೆ ಬಂದಾಗ ಅವರ ಪರವಾಗಿ ಮಾತಾಡುವವರು ಯಾರು? ಭಾಷೆಯ ಕಾರಣಕ್ಕೆ ಕಚೇರಿಯಲ್ಲಿ ಕಾಯುವುದೇನೆಂದು ಬಲ್ಲ ಸಮುದಾಯ ತನ್ನ ಪಂಚಾಯತಿನಲ್ಲಿ ಮಂಡಿಸುವ ನಿರ್ಣಯದಲ್ಲಿ ಇವರಿಗೂ ಒಂದು ಕಲಮು ಇರಬೇಕಾದುದು ನ್ಯಾಯ.