ಬೀಸುಕಲ್ಲಿನ ಪದ ಮತ್ತು ಸಂಶೋಧನೆಯ ಸಹಾಯಧನ



ವಿದ್ಯಾದಾನವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಡಮಕ್ಕಳ ಶಾಲಾಶುಲ್ಕ, ಪಠ್ಯಪುಸ್ತಕ, ಹೆಚ್ಚೆಂದರೆ ನರ್ಸಿಂಗ್ ಅಥವಾ ಇಂಜಿನಿಯರಿಂಗ್ ಓದುವವರಿಗೆ ನೀಡುವ ನೆರವು. ಇದಕ್ಕಿಂತ ಮುಂದೆ ಸಾಗಿ, ಇತಿಹಾಸ, ಸಮಾಜಶಾಸ್ತ್ರ, ಭಾಷೆ, ಜಾನಪದ ಮುಂತಾದ ವಿಷಯಗಳಲ್ಲಿ ಪಿಎಚ್.ಡಿ. ಪದವಿಗಾಗಿ ಸಂಶೋಧನೆ ಕೈಗೊಂಡವರಿಗೆ ಎರಡು ಮೂರು ವರ್ಷ ಮಾಸಾಶನ, ಪ್ರವಾಸದ ವೆಚ್ಚ, ಪುಸ್ತಕದ ವೆಚ್ಚ ಕೊಡುವ ಧರ್ಮಾರ್ಥ ಪ್ರತಿಷ್ಠಾನಗಳೂ ಲೋಕದಲ್ಲಿವೆ. ರೋಗಿಗೆ ಔಷಧಿ ಕೊಟ್ಟವನ ಪುಣ್ಯ ಎಲ್ಲರಿಗೂ ಕಾಣುತ್ತದೆ. ಹಳೆಯ ಹಸ್ತಪ್ರತಿ ಓದುವವನಿಗೆ ಅನ್ನವಿತ್ತವನ ಪುಣ್ಯ ಯಾರಿಗೂ ಕಾಣುವುದಿಲ್ಲ. ಅಂತಹ ದಾನಕ್ಕೆ ಮುಂದಾದವರನ್ನು ಮೊದಲು ವಂದಿಸೋಣ. ಆದರೆ ವಂದಿಸಿ ಸುಮ್ಮನಾಗುವುದು ವಿಮರ್ಶೆಯಲ್ಲ. ಆ ದಾನದ ಸ್ವರೂಪವನ್ನು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲದ ಮೇಲಿಟ್ಟು ತೂಗಿ ನೋಡಬೇಕು.

ಹಲಸಂಗಿಯ ಹೆಸರನ್ನು ನೀವು ಕೇಳಿರುತ್ತೀರಿ. ಚಡಚಣ ಪ್ರತ್ಯೇಕ ತಾಲ್ಲೂಕಾಗುವವರೆಗೆ ಅದು ಇಂಡಿ ತಾಲ್ಲೂಕಿಗೆ ಸೇರಿದ ಊರು. ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಅಲ್ಲಿ ಕೆಲವು ತರುಣರು ಕೂಡಿಕೊಂಡರು. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಚಡಚಣದ ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರೇ ಮುಂದೆ ‘ಹಲಸಂಗಿ ಗೆಳೆಯರು’ ಎಂದು ನಾಡಿಗೆಲ್ಲ ಪರಿಚಿತರಾದರು. ಬೆಳಗಿನ ಜಾವ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ತ್ರಿಪದಿಗಳನ್ನು ಇವರು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ಅವು ‘ಗರತಿಯ ಹಾಡು’ ಎಂಬ ಸಂಕಲನವಾಗಿ ಹೊರಬಂದವು. ಮುಂದೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಎಂಬ ಸಂಗ್ರಹಗಳೂ ಬಂದವು. ತೌರಿನ ಹಂಬಲ, ಅಣ್ಣತಮ್ಮಂದಿರ ಮೇಲಿನ ಅಕ್ಕರೆ, ಅತ್ತೆಮನೆಯ ಬೇಗೆ, ತೊಟ್ಟಿಲ ಕೂಸಿನ ಸಂಭ್ರಮ, ಇವೆಲ್ಲ ಪುಸ್ತಕವಾಗಬಲ್ಲವೆಂದು ಅಂದಿನವರೆಗೆ ಎಷ್ಟು ಜನ ಭಾವಿಸಿದ್ದರು? ಇಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಜಾನಪದವೆಂಬ ಶಾಸ್ತ್ರವೇ ಬೆಳೆದು ನಿಂತಿದ್ದರೆ, ಅದರ ತಳಪಾಯದ ಕಲ್ಲುಗಳಲ್ಲಿ ಒಂದು ಹಲಸಂಗಿಯ ಬೀಸುಕಲ್ಲು.

ಈ ಗೆಳೆಯರಿಗೆ ಮಾಸಾಶನ ಕೊಟ್ಟ ಪ್ರತಿಷ್ಠಾನ ಯಾವುದೂ ಇರಲಿಲ್ಲ. ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರು. ದಿನದ ದುಡಿಮೆ ಮುಗಿದ ಮೇಲೆ ಉಳಿದ ಹೊತ್ತೇ ಅವರ ಸಂಶೋಧನೆಯ ಬಂಡವಾಳ. ಇನ್ನೊಂದು ಮಾತು. ಸಂಗ್ರಾಹಕರೆಲ್ಲ ಗಂಡಸರು, ಹಾಡಿದವರು ಹೆಣ್ಣುಮಕ್ಕಳು. ಆ ಕಾಲದ ಹಳ್ಳಿಯಲ್ಲಿ ಈ ಅಂತರವನ್ನು ದಾಟುವುದು ಸುಲಭವಾಗಿರಲಾರದು. ಅಕ್ಕ, ಅವ್ವ, ಚಿಗವ್ವ ಎಂಬ ಸಂಬಂಧವಿದ್ದಲ್ಲಿ ಮಾತ್ರ ತೆರೆಯುವ ಬಾಗಿಲು ಅದು. ಹೊರಗಿನ ವಿದ್ವಾಂಸನಿಗೆ ಎಷ್ಟು ಹಣವಿದ್ದರೂ ಸಿಗದ ಪ್ರವೇಶ ಊರಿನವರಿಗೆ ಸಿಗುತ್ತದೆ ಎಂಬುದನ್ನು ಪ್ರತಿಷ್ಠಾನಗಳ ಆಯ್ಕೆ ಸಮಿತಿಗಳು ನೆನಪಿಡಬೇಕು.

ಇದೇ ಜಿಲ್ಲೆಯ ಇನ್ನೊಂದು ಬೀಸುಕಲ್ಲಿನ ಕಥೆಯಿದೆ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಅವರು 1978ರಲ್ಲಿ ಬಿಜಾಪುರದ ಸೂಫಿಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಕ್ರಿ.ಶ. 1300ರಿಂದ 1700ರವರೆಗಿನ ನಾಲ್ಕು ನೂರು ವರ್ಷಗಳ ಚರಿತ್ರೆ ಅದರಲ್ಲಿದೆ. ಚಿಶ್ತಿ ಪರಂಪರೆಯ ಸೂಫಿಗಳು ದಖನಿ ಭಾಷೆಯಲ್ಲಿ ಸರಳವಾದ ಹಾಡುಗಳನ್ನು ಕಟ್ಟಿದರು. ಬೀಸುವಾಗ ಹಾಡುವವು ‘ಚಕ್ಕಿನಾಮಾ’, ನೂಲುವಾಗ ಹಾಡುವವು ‘ಚರಖಾನಾಮಾ’. ಬೀಸುಕಲ್ಲಿನ ಒಂದೊಂದು ಅಂಗವನ್ನೂ ದೇವರ ನೆನಪಿಗೆ ಜೋಡಿಸುವ ಹಾಡುಗಳಿವು. ದಖ್ಖನಿನ ಸಾಮಾನ್ಯ ಕುಟುಂಬಗಳೊಳಗೆ ಇಸ್ಲಾಮಿನ ಭಾವನೆಗಳು ನಿಧಾನವಾಗಿ ಇಳಿದದ್ದು ಇಂತಹ ಹೆಂಗಸರ ಹಾಡುಗಳ ಮೂಲಕವೂ ಹೌದು ಎಂಬುದು ಈಟನ್ ಅವರ ವಾದ. ಖಡ್ಗದಿಂದಲೋ ಅಧಿಕಾರದಿಂದಲೋ ಎಂದು ಜಗಳವಾಡುವವರಿಗೆ ಅಡುಗೆಮನೆಯಿಂದ ಬಂದ ಉತ್ತರವಿದು.

ಒಂದೇ ಸೀಮೆ, ಒಂದೇ ಬಗೆಯ ಕಲ್ಲು, ಅದೇ ಜೋಳ. ಒಂದು ಮನೆಯಲ್ಲಿ ಕನ್ನಡದ ತ್ರಿಪದಿ, ನೆರೆಮನೆಯಲ್ಲಿ ದಖನಿಯ ಚಕ್ಕಿನಾಮಾ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬಲ್ಲ ಸಂಶೋಧಕಿಯೊಬ್ಬಳು ಸಿಂದಗಿಯ ಒಂದು ಹಳ್ಳಿಯಿಂದ ಬಂದಳೆಂದು ಭಾವಿಸಿ. ಅವಳಿಗೆ ಬೇಕಾದ ಸಿದ್ಧತೆ ಏನು? ಮನೆಮಾತಿನ ಕನ್ನಡ ಅವಳಲ್ಲಿದೆ. ದಖನಿ ಆಡುಮಾತು ಸಂತೆಯಲ್ಲಿ ಕಿವಿಗೆ ಬಿದ್ದಿರುತ್ತದೆ. ಆದರೆ ಹಸ್ತಪ್ರತಿಗಳ ಲಿಪಿ ಪಾರ್ಸಿಯದು. ಅದನ್ನು ಓದಲು ಕಲಿಯಬೇಕು, ಸ್ವಲ್ಪವಾದರೂ ಪಾರ್ಸಿ ತಿಳಿಯಬೇಕು. ಈವರೆಗೆ ನಡೆದ ಚರ್ಚೆಯ ಬಹುಭಾಗ ಇಂಗ್ಲಿಷಿನಲ್ಲಿದೆ, ಅದೂ ಬೇಕು. ಬಳಿಕ ಹಳ್ಳಿ ಹಳ್ಳಿ ತಿರುಗಬೇಕು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಆ ಪದಗಳು ನೆನಪಿರುವವರು ಈಗ ಮುದುಕಿಯರು ಮಾತ್ರ. ಅವರು ಇನ್ನೆಷ್ಟು ವರ್ಷ ಇರುತ್ತಾರೆ?

ಈ ಕೆಲಸಕ್ಕೆ ಆರೇಳು ವರ್ಷ ಬೇಕು. ಪ್ರತಿಷ್ಠಾನದ ಅರ್ಜಿ ಕೇಳುವುದು ಬೇರೆಯದನ್ನು. ಇಂಗ್ಲಿಷಿನಲ್ಲಿ ಬರೆದ ಸಂಶೋಧನ ಪ್ರಸ್ತಾವ, ಈಗಾಗಲೇ ಓದಿದ ಗ್ರಂಥಗಳ ವಿಮರ್ಶೆ, ನಿರೀಕ್ಷಿತ ಫಲಿತಾಂಶ, ಹೆಸರಾಂತ ಪ್ರಾಧ್ಯಾಪಕರಿಬ್ಬರ ಶಿಫಾರಸು, ಮೂರು ವರ್ಷದೊಳಗೆ ಮುಗಿಸುವ ವೇಳಾಪಟ್ಟಿ. ಅಂದರೆ ಅರ್ಧ ಕೆಲಸ ಮುಗಿಸಿದವರಿಗೆ ಮಾತ್ರ ಉಳಿದರ್ಧಕ್ಕೆ ಸಹಾಯ. ಮೊದಲರ್ಧವನ್ನು ಮಹಾನಗರದ ಒಳ್ಳೆಯ ಕಾಲೇಜು, ಓದುಬರಹದ ಮನೆತನ, ಇಂಗ್ಲಿಷ್ ಮಾಧ್ಯಮ ಇವು ಮುಗಿಸಿಕೊಟ್ಟಿರುತ್ತವೆ. ನಾನು ಯಾವ ದಾನಿಯ ಮನಸ್ಸನ್ನೂ ಶಂಕಿಸುತ್ತಿಲ್ಲ. ಶಂಕೆಯಿರುವುದು ಅರ್ಜಿಯ ನಮೂನೆಯ ಮೇಲೆ. ಬಡವರಿಗೆಂದು ತೆಗೆದಿಟ್ಟ ಹಣವನ್ನು ಬಡವರು ತುಂಬಲಾಗದ ನಮೂನೆಯ ಹಿಂದೆ ಇಟ್ಟರೆ ಅದು ಯಾರ ಕೈ ಸೇರುತ್ತದೆಂದು ಹೇಳಬೇಕಾಗಿಲ್ಲ.

ಇಲ್ಲಿ ಯಾರಾದರೂ ಫ.ಗು. ಹಳಕಟ್ಟಿಯವರ ಹೆಸರೆತ್ತಬಹುದು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ಬಿಜಾಪುರದಲ್ಲಿ ವಕೀಲರಾಗಿದ್ದ ಅವರು, ಮಠಮನೆಗಳಲ್ಲಿ ಧೂಳು ಹಿಡಿದಿದ್ದ ವಚನಗಳ ತಾಡೆಯೋಲೆಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು, ಸ್ವಂತ ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರೆಂಬುದನ್ನು ಜಿಲ್ಲೆಯ ಜನ ಇಂದಿಗೂ ಹೇಳುತ್ತಾರೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮಾತು ಇಂದು ಮನೆಮನೆಯಲ್ಲಿ ಓದಲು ಸಿಗುತ್ತಿದ್ದರೆ ಅದರಲ್ಲಿ ಈ ವಕೀಲರ ಪಾಲು ದೊಡ್ಡದು. ‘ಅವರು ಯಾರ ಸಹಾಯಧನ ಪಡೆದರು? ನಿಜವಾದ ಆಸಕ್ತಿಯಿದ್ದವನಿಗೆ ಹಣ ಬೇಕೇ?’ ಎಂದು ಕೇಳುವವರಿದ್ದಾರೆ. ಈ ವಾದ ನನಗೆ ಒಪ್ಪಿಗೆಯಾಗದು. ಒಬ್ಬರ ತ್ಯಾಗವನ್ನು ಮುಂದಿನವರೆಲ್ಲರ ಮೇಲೆ ಕಂದಾಯವಾಗಿ ಹೇರುವುದು ನ್ಯಾಯವಲ್ಲ. ಮಾರಲು ಮನೆಯಾದರೂ ಇದ್ದವರು ಹಳಕಟ್ಟಿಯವರು. ಇಂಡಿಯಿಂದ ಗೋವೆಗೋ ಮಹಾರಾಷ್ಟ್ರಕ್ಕೋ ಗುಳೆ ಹೋಗುವ ಕುಟುಂಬದ ಮಗ ಏನನ್ನು ಮಾರಬೇಕು? ಹಳಕಟ್ಟಿಯವರೂ ತ್ಯಾಗವೊಂದನ್ನೇ ನಂಬಿ ಕೂರಲಿಲ್ಲ, 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೆ ಮುಂದಾದರು.

ಸಂಸ್ಥೆಯ ಆಸರೆ ದೊರೆತರೆ ಏನಾಗುತ್ತದೆಂಬುದಕ್ಕೆ ನಮ್ಮ ಧರ್ಮಸಭೆಯೊಳಗಿನದೇ ಉದಾಹರಣೆಯಿದೆ. ಸ್ಪೇನ್ ದೇಶದಿಂದ ಬಂದ ಯೇಸುಸಭೆಯ ಫಾದರ್ ಹೆನ್ರಿ ಹೇರಾಸ್ ಅವರು ಮುಂಬಯಿಯ ಸಂತ ಜೇವಿಯರ್ ಕಾಲೇಜಿನಲ್ಲಿ 1926ರಲ್ಲಿ ಭಾರತೀಯ ಇತಿಹಾಸದ ಸಂಶೋಧನಾಲಯ ತೆರೆದರು. ಮರುವರ್ಷವೇ ವಿಜಯನಗರದ ಅರವೀಡು ವಂಶದ ಮೇಲಿನ ಅವರ ಗ್ರಂಥ ಬಂತು. 1565ರ ಮಹಾಯುದ್ಧಕ್ಕೆ ಅದರಲ್ಲಿ ದೊಡ್ಡ ಸ್ಥಾನವಿದೆ. ತಾಳಿಕೋಟೆ ಯುದ್ಧವೆಂದು ನಾವು ಶಾಲೆಯಲ್ಲಿ ಓದಿದ, ರಕ್ಕಸತಂಗಡಿಯೆಂದೂ ಹೆಸರಾದ ಆ ಯುದ್ಧದ ರಕ್ಕಸಗಿ, ತಂಗಡಗಿ ಊರುಗಳು ಮುದ್ದೇಬಿಹಾಳದ ಕಡೆ ಕೃಷ್ಣೆಯ ದಂಡೆಯಲ್ಲಿವೆ. ಹೇರಾಸರ ಶಿಷ್ಯ ಜಾರ್ಜ್ ಮೊರಾಯಿಸ್ ಅವರು ಕದಂಬರ ಇತಿಹಾಸವನ್ನು 1931ರಲ್ಲಿ ಪ್ರಕಟಿಸಿದರು. ‘ಗರತಿಯ ಹಾಡು’ ಬಂದ ವರ್ಷವೇ ಅದು. ಒಂದು ಕಡೆ ಗ್ರಂಥಾಲಯ, ಮಾರ್ಗದರ್ಶಕ ಗುರು, ನೆಮ್ಮದಿಯ ಊಟ. ಇನ್ನೊಂದು ಕಡೆ ಶಾಲೆಯ ಗಂಟೆಯ ನಂತರದ ಬಿಡುವು. ಎರಡರಿಂದಲೂ ಒಳ್ಳೆಯ ಫಲ ಬಂತು. ಆದರೆ ಹೇರಾಸರ ಸಂಶೋಧನಾಲಯ ಅವರು 1955ರಲ್ಲಿ ತೀರಿಕೊಂಡ ಮೇಲೂ ಉಳಿದು ಅವರ ಹೆಸರನ್ನೇ ಹೊತ್ತಿತು. ಹಲಸಂಗಿಯ ಗೆಳೆತನ ಗೆಳೆಯರೊಂದಿಗೇ ಮುಗಿಯಿತು.

ಸರಕಾರದ ನೆರವಿಲ್ಲವೇ ಎಂದು ಕೇಳುತ್ತೀರಿ. ಇದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಕಿರಿಯ ಸಂಶೋಧನ ವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ; ಗೌರವದಿಂದ ಬದುಕಬಹುದಾದ ಮೊತ್ತವೇ. ಆದರೆ ಅದು ದೇಶಮಟ್ಟದ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದ ಕೆಲವರಿಗೆ ಮಾತ್ರ. ಅಲ್ಪಸಂಖ್ಯಾತರಿಗಾಗಿ, ಎಂದರೆ ಕ್ರೈಸ್ತರಿಗೂ ಸೇರಿ, 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಜಾದ್ ಸಂಶೋಧನ ವೇತನವನ್ನು ಕೇಂದ್ರ ಸರಕಾರ 2022-23ರಿಂದ ಹೊಸಬರಿಗೆ ನಿಲ್ಲಿಸಿತು. ಬೇರೆ ಯೋಜನೆಗಳ ಜೊತೆ ಇದು ಅತಿಕ್ರಮಿಸುತ್ತದೆಂಬುದು ಸಂಸತ್ತಿನಲ್ಲಿ ಕೊಟ್ಟ ಕಾರಣ. ಒಂದೇ ಮನೆಗೆ ಎರಡು ಬಾಗಿಲಿದ್ದವೆಂದು ಒಂದನ್ನು ಮುಚ್ಚಿದಂತಾಯಿತು; ಆ ಬಾಗಿಲಿನಿಂದಲೇ ಬರುತ್ತಿದ್ದವರ ಗತಿ?

ಇಂತಹ ಹೊತ್ತಿನಲ್ಲಿಯೇ ಖಾಸಗಿ ಪ್ರತಿಷ್ಠಾನಗಳ ಹೊಣೆ ಹೆಚ್ಚುವುದು. ಮಾದರಿಗಳು ಇಲ್ಲದಿಲ್ಲ. ಅಮೆರಿಕದ ಫೋರ್ಡ್ ಪ್ರತಿಷ್ಠಾನ 2001ರಿಂದ 2013ರವರೆಗೆ ನಡೆಸಿದ ಅಂತರರಾಷ್ಟ್ರೀಯ ವಿದ್ಯಾರ್ಥಿವೇತನ ಯೋಜನೆ, ಭಾರತವೂ ಸೇರಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ, ಉನ್ನತ ಶಿಕ್ಷಣದಿಂದ ವಂಚಿತವಾದ ಸಮುದಾಯಗಳವರನ್ನೇ ಹುಡುಕಿ ಆರಿಸಿತು. ಅದರ ದೊಡ್ಡ ಗುಣವೆಂದರೆ ಓದಿಗೆ ಮುಂಚಿನ ಸಿದ್ಧತೆಗೂ, ಭಾಷೆ ಕಲಿಯಲಿಕ್ಕೂ ಹಣ ಕೊಟ್ಟದ್ದು. ಮೊದಲರ್ಧದ ಕಷ್ಟವನ್ನು ಅರಿತ ದಾನವದು. ಆದರೆ ಅದಕ್ಕೊಂದು ಕೊನೆಯ ದಿನಾಂಕವಿತ್ತು; ದಿನ ಬಂತು, ಯೋಜನೆ ಮುಗಿಯಿತು. ನಮ್ಮ ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ನ್ಯೂ ಇಂಡಿಯಾ ಪ್ರತಿಷ್ಠಾನ ಸ್ವತಂತ್ರ ಭಾರತದ ಕುರಿತ ಪುಸ್ತಕಗಳ ರಚನೆಗೆ ಉದಾರವಾಗಿ ನೆರವಾಗುತ್ತಿದೆ. ಭಾರತೀಯ ಭಾಷೆಗಳಿಂದ ಇಂಗ್ಲಿಷಿಗೆ ಅನುವಾದಿಸಲೂ ಅದು ವೇತನ ಕೊಟ್ಟಿತು, ಡಿ.ಆರ್. ನಾಗರಾಜರು ಅಲ್ಲಮಪ್ರಭುವಿನ ಮೇಲೆ ಬರೆದ ಕನ್ನಡ ಗ್ರಂಥ ಅದರಲ್ಲಿ ಆಯ್ಕೆಯಾದದ್ದು ಸಂತೋಷದ ಸಂಗತಿ. ಆದರೂ ನೀರು ಹರಿಯುವ ದಿಕ್ಕನ್ನು ಗಮನಿಸಿ: ಕನ್ನಡದಿಂದ ಇಂಗ್ಲಿಷಿಗೆ. ಇಂಗ್ಲಿಷಿನಲ್ಲಿ ಬಿಜಾಪುರದ ಬಗ್ಗೆ ಬಂದ ಜ್ಞಾನ ಬಾಗೇವಾಡಿಯ ಗ್ರಂಥಾಲಯಕ್ಕೆ ಕನ್ನಡದಲ್ಲಿ ಬರಲು ಯಾರ ಸಹಾಯಧನವಿದೆ?

ಅಂತಹ ಒಂದು ಪ್ರಯತ್ನ ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆ. ಆದಿಲ್‌ಶಾಹಿ ಕಾಲದ ಪಾರ್ಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಯೋಜನೆಯನ್ನು ಬಿ.ಎಲ್.ಡಿ.ಇ. ಸಂಸ್ಥೆಯ ಆಶ್ರಯದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ಕೈಗೆತ್ತಿಕೊಂಡಿತು. ಲಿಂಗಾಯತರು ಕಟ್ಟಿದ ಸಂಸ್ಥೆಯೊಂದು ಸುಲ್ತಾನರ ಕಾಲದ ಸಾಹಿತ್ಯಕ್ಕೆ ಹಣ ವೆಚ್ಚಮಾಡಿತೆಂಬುದು ಸಾಮಾನ್ಯ ಮಾತಲ್ಲ. ಅದರ ಮುಂದಾಳುತನ ವಹಿಸಿದವರು ಸಿಂದಗಿ ತಾಲ್ಲೂಕಿನವರೇ ಆದ ಡಾ. ಎಂ.ಎಂ. ಕಲಬುರ್ಗಿ. ಯೋಜನೆ ನಡೆಯುತ್ತಿರುವಾಗಲೇ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಉಳಿದವರು ಕೆಲಸ ಮುಂದುವರಿಸಿ ಸಂಪುಟಗಳನ್ನು ಹೊರತಂದರು.

ಕಲಬುರ್ಗಿಯವರ ಜೀವನ ಪ್ರತಿಷ್ಠಾನಗಳಿಗೆ ಇನ್ನೊಂದು ಪ್ರಶ್ನೆಯನ್ನೂ ಒಡ್ಡುತ್ತದೆ. ‘ಮಾರ್ಗ’ದ ಮೊದಲ ಸಂಪುಟದ ಲೇಖನಗಳಿಗಾಗಿ 1989ರಲ್ಲಿ ವಿವಾದವೆದ್ದಾಗ ಅವರು ತಮ್ಮ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಂಶೋಧನೆ ಎಂದರೆ ಕೆಲವೊಮ್ಮೆ ದಾನಿಗೂ ಹಿಡಿಸದ ಉತ್ತರವನ್ನು ತರುವ ಕೆಲಸ. ಆಲಮಟ್ಟಿ ಜಲಾಶಯದಲ್ಲಿ ಮುಳುಗಿದ ಊರುಗಳ ಜನ ಪುನರ್ವಸತಿ ಕೇಂದ್ರಗಳಲ್ಲಿ ಹೇಗೆ ಬದುಕಿದರು, ಪರಿಹಾರದ ಹಣ ಯಾರ ಕೈಯಲ್ಲಿ ಎಷ್ಟು ದಿನ ಉಳಿಯಿತು, ಹೆಣ್ಣುಮಕ್ಕಳ ಪಾಲಿಗೆ ಏನು ಬಂತು ಎಂದು ಒಬ್ಬ ವಿದ್ಯಾರ್ಥಿ ಮೂರು ವರ್ಷ ಕೇಳುತ್ತ ತಿರುಗಿದರೆ, ಸರಕಾರಕ್ಕಾಗಲಿ ಗುತ್ತಿಗೆದಾರರಿಗಾಗಲಿ ಊರಿನ ಪ್ರಮುಖರಿಗಾಗಲಿ ಅದು ಇಷ್ಟವಾಗಬೇಕೆಂದಿಲ್ಲ. ಉತ್ತರ ಕಹಿಯಾದರೂ ಕೊನೆಯ ತಿಂಗಳವರೆಗೆ ವೇತನ ನಿಲ್ಲದು ಎಂಬ ಲಿಖಿತ ಭರವಸೆಯಿಲ್ಲದ ಸಹಾಯಧನವನ್ನು ನಾನು ದಾನವೆಂದು ಕರೆಯಲಾರೆ, ಅದು ಕೂಲಿ.

ಧರ್ಮಕೇಂದ್ರದ ತಂದೆತಾಯಿಗಳು ಕೇಳುವ ಮಾತೊಂದು ಉಳಿಯಿತು: ‘ಸ್ವಾಮಿ, ಇಷ್ಟೆಲ್ಲ ಓದಿದರೆ ನೌಕರಿ ಸಿಗುತ್ತದೆಯೇ?’ ಮನೆಯ ಸಾಲ ತೀರಬೇಕಾದವರು ಇದನ್ನು ಕೇಳಲೇಬೇಕು. ಅವರನ್ನು ಅಲ್ಪರೆಂದು ಎಣಿಸುವುದು ಸಲ್ಲದು. ಖಾತ್ರಿಯಿಲ್ಲವೆಂಬುದೇ ಪ್ರಾಮಾಣಿಕ ಉತ್ತರ. ಹಾಗಾಗಿಯೇ ವಿದ್ಯಾರ್ಥಿಯ ಕೈಗೆ ಬರುವ ಮಾಸಾಶನದಲ್ಲಿ ಮನೆಗೆ ಕಳುಹಿಸುವ ಪಾಲೂ ಇರಬೇಕೆಂದು ಪ್ರತಿಷ್ಠಾನಗಳು ಲೆಕ್ಕ ಹಾಕಬೇಕು. ನಗರದ ವಿದ್ಯಾರ್ಥಿ ಮನೆಯಿಂದ ಹಣ ತರಿಸಿಕೊಳ್ಳುತ್ತಾನೆ, ನಮ್ಮ ಕಡೆಯವನು ಮನೆಗೆ ಹಣ ಕಳುಹಿಸುತ್ತಾನೆ. ವೇತನದ ಮೊತ್ತ ಮಾತ್ರ ಇಬ್ಬರಿಗೂ ಒಂದೇ.

2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಈ ನಾಲ್ಕೂ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಪಿಎಚ್.ಡಿ. ಎಂಬುದು ಬಸ್ಸು ಹತ್ತಿ ಇಳಿಯುವಷ್ಟು ಹತ್ತಿರ ಬಂದಿದೆ. ಈಗ ಅದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಅಲ್ಲಿಯ ಒಬ್ಬ ವಿದ್ಯಾರ್ಥಿನಿಗೆ ಪ್ರಸ್ತಾವ ಬರೆಯುವ ಮೊದಲೇ ಎರಡು ವರ್ಷ ಪಾರ್ಸಿ ಲಿಪಿ ಕಲಿಯಲು ಬೇಕಾದ ಶಿಕ್ಷಕರ ಸಂಭಾವನೆ, ವಸತಿ, ಹಳ್ಳಿಗಳ ಓಡಾಟದ ಬಸ್ ದರ, ಒಂದು ಧ್ವನಿಮುದ್ರಕ. ಇದನ್ನು ಭರಿಸಲು ಅಮೆರಿಕದ ಪ್ರತಿಷ್ಠಾನವೇ ಬೇಕೆಂದಿಲ್ಲ, ನಾಲ್ಕಾರು ಊರಿನ ವರ್ತಕರೂ ನಿವೃತ್ತ ಶಿಕ್ಷಕರೂ ಸೇರಿದರೆ ಸಾಕು. ಅರ್ಜಿಯನ್ನು ಕನ್ನಡದಲ್ಲಿ ಬರೆಯಿಸಿಕೊಳ್ಳಲಿ. ಫಲಿತಾಂಶದ ಅಂಕಣವನ್ನು ಖಾಲಿ ಬಿಡಲು ಅನುಮತಿಯಿರಲಿ.