ಊರೊಳಗೆ 70 ಕಿ.ಮೀ. ವೇಗ ಸರಿಯೇ?

ಕೇಂದ್ರ ಸರ್ಕಾರದ 2018ರ ಅಧಿಸೂಚನೆಯು ಪುರಸಭಾ ವ್ಯಾಪ್ತಿಯ ರಸ್ತೆಗಳಲ್ಲಿ ಕಾರುಗಳ ಗರಿಷ್ಠ ವೇಗವನ್ನು ಗಂಟೆಗೆ 70 ಕಿ.ಮೀ. ಎಂದು ಗೊತ್ತುಪಡಿಸಿತು. ಆಳಂದ, ಅಫಜಲಪುರ, ಜೇವರ್ಗಿಗಳಂತಹ ಊರುಗಳಿಗೆ ಇದು ಹೊಂದುವುದಿಲ್ಲ.

ನೀವೇ ಲೆಕ್ಕ ಮಾಡಿ ನೋಡಿ. ಕಾರಿನಿಂದ 15 ಮೀ. ಮುಂದೆ ಮಗುವೊಂದು ರಸ್ತೆಗಿಳಿಯಿತೆನ್ನಿ. ಚಾಲಕ ಬ್ರೇಕ್ ಒತ್ತಲು 1 ಸೆಕೆಂಡ್ ಬೇಕು. ಆಮೇಲಿನ ಋಣ ವೇಗೋತ್ಕರ್ಷ 7 ಮೀ./ಸೆ² ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀ. ದೂರದಲ್ಲಿ ನಿಲ್ಲುತ್ತದೆ. 70 ಕಿ.ಮೀ. ವೇಗದ ಕಾರು ಆ 1 ಸೆಕೆಂಡಿನಲ್ಲೇ 19 ಮೀ. ಕ್ರಮಿಸುತ್ತದೆ. ಅಂದರೆ ಬ್ರೇಕ್ ಹಿಡಿಯುವ ಮೊದಲೇ ಮಗುವಿಗೆ ಬಡಿಯುತ್ತದೆ. ಆಗ ಅದರ ಚಲನಶಕ್ತಿ ಮೊದಲಿನ ಕಾರಿನ ಐದೂವರೆ ಪಟ್ಟಿಗೂ ಸಮೀಪ.

ಪಾದಚಾರಿಗಳೂ ವಾಹನಗಳೂ ಬೆರೆಯುವೆಡೆ 30 ಕಿ.ಮೀ. ಮಿತಿ ಇರಲೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಂತೆ ರಾಜ್ಯವೇ ಮಿತಿ ಇಳಿಸಬಹುದು. ಇಳಿಸಲಿ; ಫಲಕದೊಡನೆ ರಸ್ತೆ ಉಬ್ಬುಗಳನ್ನೂ ಹಾಕಲಿ.