ಒಂದು ಪಾಠ, ಮೂರು ಟಿಪ್ಪಣಿ: ಕೆ. ಜೆ. ಶಾ ಅವರ ತತ್ತ್ವವಿಚಾರ

ದಕ್ಷಿಣ ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ತತ್ತ್ವಶಾಸ್ತ್ರದ ಅಧ್ಯಯನವೆಂದರೆ ಬಹುಕಾಲ ಮುಖ್ಯವಾಗಿ ವೇದಾಂತದ ಅಧ್ಯಯನವೇ ಆಗಿತ್ತು. ತ್ರಿಪ್ಲಿಕೇನ್‌ಗೆ ಹೊಂದಿಕೊಂಡಿರುವ ಚೇಪಾಕದ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಎಸ್. ಎಸ್. ಸೂರ್ಯನಾರಾಯಣ ಶಾಸ್ತ್ರಿಗಳೂ ಅನಂತರ ಟಿ. ಎಂ. ಪಿ. ಮಹಾದೇವನ್ ಅವರೂ ಬೆಳೆಸಿದ್ದು ಅದ್ವೈತಗ್ರಂಥಗಳ ಸಂಪಾದನೆ, ಅನುವಾದ, ವ್ಯಾಖ್ಯಾನಗಳ ಪರಂಪರೆಯನ್ನು. ಶಾಸ್ತ್ರಿಗಳು ಕುನ್ಹನ್ ರಾಜಾ ಅವರೊಡನೆ 1933ರಲ್ಲಿ ಹೊರತಂದ ಭಾಮತೀ ಚತುಃಸೂತ್ರಿಯ ಆಂಗ್ಲಾನುವಾದ ಇಂದಿಗೂ ಆಕರವೇ. ಅತ್ತ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು ವಚನ ಮತ್ತು ದಾಸಸಾಹಿತ್ಯವನ್ನು ಅನುಭಾವದ ಸಾಕ್ಷ್ಯವಾಗಿ ಓದಿದರು. ಈ ಎರಡೂ ದಾರಿಗಳಿಗೆ ಸೇರದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ವಿಶ್ಲೇಷಣಾತ್ಮಕ ತತ್ತ್ವಚಿಂತನೆಯನ್ನು ಪಾಠಮಾಡಿದವರು ಕೆ. ಜೆ. ಶಾ.

ಶಾ ಅವರು ಕೇಂಬ್ರಿಜ್‌ನಲ್ಲಿ ವಿಟ್‌ಗೆನ್‌ಸ್ಟೈನನ ಶಿಷ್ಯರಾಗಿದ್ದರು. 1946-47, ಆತ ಅಲ್ಲಿ ಪಾಠಹೇಳಿದ ಕೊನೆಯ ವರ್ಷ. ಆಗ ಮೂವರು ಕೇಳುಗರು ಬರೆದುಕೊಂಡ ಟಿಪ್ಪಣಿಗಳು 1988ರಲ್ಲಿ ಒಂದೇ ಸಂಪುಟವಾಗಿ ಅಚ್ಚಾದವು: ಪೀಟರ್ ಗೀಚ್, ಕೆ. ಜೆ. ಶಾ, ಎ. ಸಿ. ಜಾಕ್ಸನ್. ಸಂಪಾದಕನೂ ಗೀಚ್‌ನೇ. ತಾಯಿಯ ಕಡೆಯಿಂದ ಪೋಲಿಷ್ ಮೂಲದವನಾದ ಈ ತರ್ಕಶಾಸ್ತ್ರಜ್ಞ ಮೂರು ಟಿಪ್ಪಣಿಗಳನ್ನು ಬೆರೆಸಿ ಒಂದು 'ಶುದ್ಧಪಾಠ'ವನ್ನು ಕಟ್ಟಲು ಹೋಗಲಿಲ್ಲ; ಮೂರನ್ನೂ ಬಿಡಿಬಿಡಿಯಾಗಿಯೇ ಮುದ್ರಿಸಿದ. ತನ್ನ ಟಿಪ್ಪಣಿಯೇ ಮೂಲವೆಂದು ಹೇಳಿಕೊಳ್ಳುವ ಅವಕಾಶ ಸಂಪಾದಕನಿಗೆ ಇತ್ತೆಂಬುದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ.

ವಚನಗಳ ಪಾಠಾಂತರಗಳೊಡನೆ ಹೆಣಗುವ ನಮ್ಮ ವಿದ್ವಾಂಸರಿಗೆ ಈ ಸಂಪುಟ ಅಪರಿಚಿತವೆನಿಸದು. ನುಡಿದದ್ದು ಒಂದು, ಕೇಳಿದವರು ಹಲವರು, ಓಲೆಗೆ ಇಳಿದದ್ದು ಬೇರೆಬೇರೆ. ಆದರೆ ವಚನಸಂಪಾದನೆಯಲ್ಲಿ ನಾವು ಸಾಮಾನ್ಯವಾಗಿ ಒಂದು ಪಾಠವನ್ನು ಪುಟದ ಮೇಲ್ಭಾಗಕ್ಕೆ ಏರಿಸಿ ಉಳಿದವನ್ನು ಅಡಿಟಿಪ್ಪಣಿಗೆ ಇಳಿಸುತ್ತೇವೆ. ಕೇಳುಗನ ಗ್ರಹಿಕೆಯೂ ಪಠ್ಯದ ಭಾಗವೇ ಎಂದು ಒಪ್ಪುವುದಾದರೆ ಈ ಕ್ರಮವನ್ನು ಮರುಪರಿಶೀಲಿಸಬೇಕಾಗುತ್ತದೆ.

ಶಾ ಅವರು ಬರೆದು ಪ್ರಕಟಿಸಿದ್ದು ಕಡಿಮೆ. ಪುಟಗಳ ಎಣಿಕೆಯಿಂದ ವಿದ್ವತ್ತನ್ನು ಅಳೆಯುವವರಿಗೆ ಇದು ಕೊರತೆಯಾಗಿ ಕಾಣಬಹುದು. ಟಿ. ಎನ್. ಮದನ್ ಸಂಪಾದಿಸಿದ 'ವೇ ಆಫ್ ಲೈಫ್' (1982) ಸಂಪುಟದಲ್ಲಿರುವ, ಅರ್ಥ ಮತ್ತು ಅರ್ಥಶಾಸ್ತ್ರವನ್ನು ಕುರಿತ ಅವರ ಪ್ರಬಂಧವೊಂದನ್ನು ಓದಿದರೂ ಈ ಅಳತೆ ಸಾಲದೆಂಬುದು ಮನದಟ್ಟಾಗುತ್ತದೆ. ಪುರುಷಾರ್ಥಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದಿಲ್ಲ. ಪರಸ್ಪರ ಸಂಬಂಧದಲ್ಲಿ ಮಾತ್ರ ಅವುಗಳಿಗೆ ಅರ್ಥವಿದೆ ಎಂಬುದು ಅಲ್ಲಿಯ ವಾದ. ಒಂಟಿಯಾದ ಅರ್ಥ ದುರಾಸೆಯಾಗುತ್ತದೆ, ಒಂಟಿಯಾದ ಧರ್ಮ ಯಾಂತ್ರಿಕ ಆಚರಣೆಯಾಗುತ್ತದೆ. ಮೋಕ್ಷವೂ ಒಂಟಿಯಾದರೆ ಪಲಾಯನವೇ. ಇಡೀ ಪ್ರಬಂಧದಲ್ಲಿ ವಿಟ್‌ಗೆನ್‌ಸ್ಟೈನನ ಪರಿಭಾಷೆಯ ಪ್ರದರ್ಶನವಿಲ್ಲ. ಆದರೂ ಪದವನ್ನು ಅದರ ಬಳಕೆಯಿಂದ ಕಿತ್ತು ನೋಡಬಾರದೆಂಬ ಶಿಸ್ತು ಆ ಪಾಠದ ಕೊಠಡಿಯಿಂದಲೇ ಬಂದದ್ದೆಂದು ನನ್ನ ಊಹೆ.

ನಮ್ಮ ತಕರಾರು ಬೇರೆ ಕಡೆಯಿದೆ. ಆ ಪ್ರಬಂಧದ ನೆಲೆ ಸಂಸ್ಕೃತ ಶಾಸ್ತ್ರ, ಅದರಲ್ಲೂ ಕೌಟಿಲ್ಯ. ವಚನಸಂಶೋಧನೆಯ ಕೇಂದ್ರವೇ ಆಗಿದ್ದ ಧಾರವಾಡದಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಆಕರ ಕೈಯಳತೆಯಲ್ಲಿತ್ತು. ಆಯ್ದಕ್ಕಿ ಮಾರಯ್ಯ ದಿನದ ರೂಢಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಕನ್ನಡಿಗರಿಗೆಲ್ಲ ತಿಳಿದದ್ದು. ಮೇಲುನೋಟಕ್ಕೆ ಇದು ಶಾ ಅವರ ವಾದಕ್ಕೆ ಒದಗುವ ಒಳ್ಳೆಯ ನಿದರ್ಶನ. ಕೊಂಚ ನಿಂತು ನೋಡಿದರೆ ಅದು ಆ ವಾದವನ್ನು ತೊಡಕಿಗೂ ಸಿಲುಕಿಸುತ್ತದೆ. ನಾಲ್ಕು ಪುರುಷಾರ್ಥಗಳು ಒಂದನ್ನೊಂದು ಅವಲಂಬಿಸಿವೆ ಎನ್ನಲು ಮೊದಲು ಅವನ್ನು ನಾಲ್ಕಾಗಿ ಎಣಿಸಿರಬೇಕು. ಲಕ್ಕಮ್ಮನ ಮಾತಿನಲ್ಲಿ ಆ ಎಣಿಕೆಯೇ ಇಲ್ಲ; ಇರುವುದು ಕಾಯಕ, ದಾಸೋಹ ಮತ್ತು ಆಸೆ. ರಾಜನಿಂದ ಆರಂಭವಾಗುವ ಅರ್ಥಶಾಸ್ತ್ರಕ್ಕೂ ಅಂಗಳದ ಅಕ್ಕಿಯಿಂದ ಆರಂಭವಾಗುವ ಈ ಮಾತಿಗೂ ಒಂದೇ ಪರಿಭಾಷೆ ಒಗ್ಗೀತೆ? ಬಳಕೆಯನ್ನು ನೋಡಿ ಎಂದು ಕಲಿತುಬಂದವರ ಮುಂದೆಯೇ ಇಡಬೇಕಾದ ಪ್ರಶ್ನೆಯಿದು.